ಬಾಂಡುಂಗ್‌ನಲ್ಲಿ ಸಿಲಾತ್ ಕಲಿಕೆ: ಏಳನೇ ತಿಂಗಳ ಲೆಕ್ಕ

ಕಳೆದ ಸಲ ಬರೆದು ನಾಲ್ಕು ತಿಂಗಳಾಯಿತು. ಬಿಟ್ಟುಬಿಟ್ಟೆಯಾ ಅಂತ ಕೇಳಿದವರಿಗೆ ಉತ್ತರ: ಬಿಟ್ಟಿಲ್ಲ. ಮಧ್ಯೆ ಐದು ವಾರ ಮಂಡಿ ಕೈಕೊಟ್ಟಿತ್ತು. ಆ ಕಥೆ ಮುಂದೆ ಬರುತ್ತದೆ.

ಹೊಸದಾಗಿ ಓದುವವರಿಗೆ: ನಾನು ಹಾಸನದ ಕಡೆಯವನು, ವಯಸ್ಸು 41, ಬಟ್ಟೆ ಮಿಲ್ಲಿನ ಕೆಲಸದ ಮೇಲೆ ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿದ್ದೇನೆ. ವಾರಕ್ಕೆ ಎರಡು ಸಂಜೆ ನಮ್ಮ ಗಲ್ಲಿಯ ಹಿರಿಯರೊಬ್ಬರ ಅಂಗಳದಲ್ಲಿ ಪೆಂಚಕ್ ಸಿಲಾತ್ ಅನ್ನೋ ಇಲ್ಲಿನ ಸಮರಕಲೆ ಕಲಿಯುತ್ತೇನೆ. ಅವರನ್ನು ಎಲ್ಲರೂ ಅಬಾ ಅಂತಾರೆ, ಅಂದರೆ ಅಪ್ಪ. ಫೀಸು ಎಷ್ಟು ಅಂತ ಕೇಳಿದ್ದಕ್ಕೆ ನಿಮ್ಮೂರಿನ ಕಾಫಿಪುಡಿ ಕೊಡು ಅಂದರು. ಕೊಟ್ಟೆ. ಒಂದು ಗುಟುಕು ಕುಡಿದು, ಇದಕ್ಕೆ ಇನ್ನೇನೋ ಬೆರೆಸಿದ್ದೀರಲ್ಲ, ಯಾಕೆ ಅಂತ ಬೈದರು. ಚಿಕೋರಿ ಅನ್ನೋದನ್ನ ಇಲ್ಲಿಯವರ ಸುಂಡಾ ಭಾಷೆಯಲ್ಲಿ ವಿವರಿಸೋಕೆ ನನ್ನ ಕೈಲಾಗಲಿಲ್ಲ.

ಕಾಲು

ಕುಡಾ-ಕುಡಾ ಅಂದರೆ ನಿಲುವು. ಕುಡಾ ಅಂದರೆ ಕುದುರೆ, ಹಾಗಾಗಿ ನೆನಪಿಡೋದು ನಮಗೆ ಸುಲಭ. ಕುದುರೆ ಮೇಲೆ ಕೂತವನ ಹಾಗೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ನಿಲ್ಲಬೇಕು. ಅಷ್ಟೇ. ಮೊದಲ ದಿನ 35 ಸೆಕೆಂಡಿಗೆ ತೊಡೆ ನಡುಗಿ ಕೂತುಬಿಟ್ಟೆ. ಮೂರನೇ ತಿಂಗಳ ಕೊನೆಗೆ 2 ನಿಮಿಷ. ಈಗ 4 ನಿಮಿಷ 10 ಸೆಕೆಂಡ್, ಅದೂ ಮಾತಾಡಿಕೊಂಡು. ಮಾತಾಡಿಕೊಂಡು ನಿಲ್ಲೋದು ಅಬಾ ಇಟ್ಟಿರುವ ಷರತ್ತು. ಉಸಿರು ಬಿಗಿಹಿಡಿದು ನಿಂತರೆ ಅದು ಲೆಕ್ಕಕ್ಕಿಲ್ಲ.

ಇನ್ನು ಮಂಡಿ ಕಥೆ. ಅದು ಪೂರ್ತಿ ನನ್ನದೇ ತಪ್ಪು. ರಾತ್ರಿ ಹೊತ್ತು ಪಶ್ಚಿಮ ಸುಮಾತ್ರಾದ ಮಿನಂಗ್ಕಬಾವು ಜನರ ಹುಲಿ ಸಿಲಾತ್ ವಿಡಿಯೋ ನೋಡುತ್ತಾ ಕೂತಿದ್ದೆ. ಅವರ ಭಾಷೆಯಲ್ಲಿ ಸಿಲೆಕ್ ಅನ್ನುತ್ತಾರೆ. ಅವರು ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿ, ಕೈ ಊರಿ, ಅಲ್ಲಿಂದಲೇ ಎದುರಾಳಿಯ ಕಾಲಿಗೆ ಬಾಯಿ ಹಾಕುವ ಹುಲಿಯ ಹಾಗೆ ನುಗ್ಗುತ್ತಾರೆ. ಗುಡ್ಡಗಾಡು, ಒದ್ದೆ ನೆಲ, ನಿಂತರೆ ಜಾರುತ್ತೆ, ಅದಕ್ಕೇ ಮೊದಲೇ ನೆಲದಲ್ಲಿರೋದು ವಾಸಿ ಅನ್ನೋ ವಿವರಣೆ ಕೊಡುತ್ತಾರೆ. ನೋಡಿ ನನಗೂ ಹುರುಪು ಬಂತು. ನುಣುಪು ಟೈಲ್ಸ್ ಮೇಲೆ, ಕಾಲುಚೀಲ ಹಾಕಿಕೊಂಡು, ಮೈ ಬಿಸಿ ಮಾಡಿಕೊಳ್ಳದೆ ಶುರುಮಾಡಿದೆ. ಎಡ ಮಂಡಿಯಲ್ಲಿ ಟಕ್ ಅಂತು.

ಅಬಾ ಬೈಯಲಿಲ್ಲ. ‘ಅದು ಸುಮಾತ್ರಾದ ಹುಲಿ, ನೀನು ಇನ್ನೂ ಬೆಕ್ಕು’ ಅಂದರು.

ಮೂಳೆ ಏಟಿಗೆ ಇಲ್ಲಿ ಜನ ನೆನಪಿಸಿಕೊಳ್ಳುವ ಹೆಸರು ಚಿಮಾಂಡೆ. ಬೊಗೋರ್ ಕಡೆಯ ಒಂದು ಹಳ್ಳಿ. ಹಳೆಯ ಸಿಲಾತ್ ಪರಂಪರೆಯೊಂದರ ತವರೂ ಅದೇ, ಮೂಳೆ ಕೂರಿಸುವವರ ತವರೂ ಅದೇ. ಜಾವಾದಲ್ಲಿ ರಸ್ತೆ ಬದಿಯಲ್ಲಿ ಮುರಿದ ಮೂಳೆಗೆ ಚಿಮಾಂಡೆ ಚಿಕಿತ್ಸೆ ಅನ್ನೋ ಬೋರ್ಡು ಕಾಣುತ್ತವೆ, ನಮ್ಮ ಕಡೆ ಪುತ್ತೂರು ಕಟ್ಟು ಅಂತ ಬೋರ್ಡ್ ಇರುತ್ತಲ್ಲ, ಥೇಟ್ ಹಾಗೇ. ನಾನು ಮೊದಲು ಎಕ್ಸ್‌ರೇ ತೆಗೆಸಿದೆ. ಮೂಳೆಗೆ ಏನೂ ಆಗಿಲ್ಲ ಅಂತ ಗೊತ್ತಾದ ಮೇಲೆ ಅಬಾ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡೆ.

ಕೈ

ಆ ಐದು ವಾರ ವ್ಯರ್ಥವಾಗಲಿಲ್ಲ. ಚಿಮಾಂಡೆ ಶೈಲಿಯಲ್ಲಿ ಕೂತು ಮಾಡುವ ಅಭ್ಯಾಸವೇ ಇದೆ. ಅದಕ್ಕೆ ಕೆಲಿದ್ ಅಂತಾರೆ. ಒಟ್ಟು 33 ವರಸೆ. ಇವರು ಜೂರೂಸ್ ಅನ್ನುವುದಕ್ಕೆ ನಮ್ಮ ವರಸೆ ಅನ್ನೋ ಪದ ಎಷ್ಟು ಚೆನ್ನಾಗಿ ಕೂರುತ್ತೆ ಅಲ್ವಾ? ಇಬ್ಬರು ಎದುರುಬದುರು ನೆಲದ ಮೇಲೆ ಕೂರಬೇಕು. ಅವನು ಹೊಡೆಯುತ್ತಾನೆ, ನಾನು ಮುಂಗೈಯಿಂದ ತಿರುಗಿಸುತ್ತೇನೆ, ಆಮೇಲೆ ನನ್ನ ಸರದಿ. ಮೂಳೆಗೆ ಮೂಳೆ ತಾಗುವ ಸದ್ದು ಒಣ ಬಿದಿರು ಬಡಿದ ಹಾಗಿರುತ್ತದೆ. ಮೊದಲ ವಾರ ಮುಂಗೈ ನೇರಳೆ ಬಣ್ಣಕ್ಕೆ ತಿರುಗಿತು. ಆಫೀಸಿನಲ್ಲಿ ತುಂಬು ತೋಳಿನ ಅಂಗಿ ಹಾಕಿಕೊಂಡು ಓಡಾಡಿದೆ, ಆದರೂ ಕೈ ತೊಳೆಯುವಾಗ ಒಬ್ಬರು ನೋಡಿ ಮನೇಲಿ ಎಲ್ಲಾ ಸರಿ ಇದೆಯಾ ಅಂತ ಮೆಲ್ಲಗೆ ಕೇಳಿದರು.

ಕೂರಿಸೋದು ಯಾಕೆ? ಕೂತಾಗ ಹಿಂದಕ್ಕೆ ಓಡಲಾಗುವುದಿಲ್ಲ. ಸೊಂಟ ತಿರುಗಿಸಿ ತಪ್ಪಿಸಿಕೊಳ್ಳುವುದೂ ಕಷ್ಟ. ಏನಿದ್ದರೂ ಕೈಯೇ ಮಾಡಬೇಕು. ಬರುವ ಪೆಟ್ಟನ್ನು ತಡೆದು ನಿಲ್ಲಿಸಲು ಹೋದರೆ ನೋವು ನನಗೇ. ಬರುವ ಕೈಯ ಪಕ್ಕಕ್ಕೆ, ಸ್ವಲ್ಪ ಓರೆಯಾಗಿ, ಅದು ಇನ್ನೂ ಪೂರ್ತಿ ಚಾಚುವ ಮೊದಲೇ ತಾಗಿಸಿದರೆ ಅವನ ಪೆಟ್ಟು ದಾರಿ ತಪ್ಪುತ್ತದೆ, ಅವನ ಕೈಯೇ ಜುಮ್ಮೆನ್ನುತ್ತದೆ. ತಡೆಯೇ ಹೊಡೆತ. ನಾನು 11ನೇ ವರಸೆಯಲ್ಲಿದ್ದೇನೆ. 7ನೆಯದು ಈಗಲೂ ಉಲ್ಟಾ ಆಗುತ್ತೆ.

ಚಿಮಾಂಡೆ ಹುಟ್ಟಿದ್ದರ ಬಗ್ಗೆ ಹಲವು ಕಥೆಗಳಿವೆ. ಅಬಾ ಹೇಳುವುದು ಇದು: ಈ ಪರಂಪರೆಯ ಮೂಲಪುರುಷ ಅನ್ನಿಸಿಕೊಂಡ ಕಾಹಿರ್ ಅಜ್ಜನ ಹೆಂಡತಿ ತೊರೆಗೆ ಹೋದಾಗ ಹುಲಿಗೂ ಕೋತಿಗೂ ಜಗಳ ಆಗೋದನ್ನ ನೋಡುತ್ತಾ ನಿಂತಳು. ಮನೆಗೆ ಬರೋದು ತಡವಾಯಿತು. ಅಡುಗೆ ಆಗಿಲ್ಲ ಅಂತ ಗಂಡ ಕೈ ಎತ್ತಿದ. ಅವಳು ಕೋತಿ ತಪ್ಪಿಸಿಕೊಂಡ ಹಾಗೇ ತಪ್ಪಿಸಿಕೊಂಡಳು. ಮತ್ತೆ ಎತ್ತಿದ, ಮತ್ತೆ ತಪ್ಪಿಸಿಕೊಂಡಳು. ಆಮೇಲೆ ಗಂಡ ಸುಮ್ಮನೆ ಕೂತು, ಎಲ್ಲಿ ಕಲಿತೆ ಹೇಳು ಅಂದ. ಕಥೆಯೇ ಇರಬಹುದು. ಆದರೆ ಪರಂಪರೆಯ ಮೊದಲ ಪಾಠ ಹೇಳಿಕೊಟ್ಟಿದ್ದು ಹೆಂಡತಿ ಅಂತ ಇವರು ನಗುನಗುತ್ತಾ ಒಪ್ಪಿಕೊಳ್ಳುವುದು ನನಗೆ ಇಷ್ಟ.

ತ್ರಿಕೋನ

ಮಂಡಿ ಸರಿಯಾದ ಮೇಲೆ ಲಂಗ್ಕಾ ಶುರುವಾಯಿತು. ಮೊದಲ ಸಲ ಕೇಳಿದಾಗ ರಾವಣನ ಊರು ನೆನಪಾಯಿತು. ಲಂಗ್ಕಾ ಅಂದರೆ ಹೆಜ್ಜೆ. ಅಬಾ ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ತ್ರಿಕೋನ ಬರೆದು, ಅದರ ಒಂದು ಮೂಲೆಯಲ್ಲಿ ನನ್ನನ್ನು ನಿಲ್ಲಿಸಿ, ಕೋಲಿನ ತುದಿಯನ್ನು ನನ್ನ ಎದೆಗೆ ನೇರವಾಗಿ ಹಿಡಿದು ನಿಧಾನಕ್ಕೆ ಮುಂದೆ ತಂದರು. ನಾನು ಹಿಂದೆ ಸರಿದೆ. ಕೋಲೂ ಬಂತು. ಮತ್ತೆ ಹಿಂದೆ, ಮತ್ತೆ ಕೋಲು, ಕೊನೆಗೆ ಬೆನ್ನಿಗೆ ಹೂಕುಂಡ. ಎಲ್ಲರೂ ನಕ್ಕರು.

ಎರಡನೇ ಸಲ ಅವರು ನನ್ನ ಬಲಗಾಲನ್ನು ತಮ್ಮ ಕಾಲಿನಿಂದ ತಳ್ಳಿ ತ್ರಿಕೋನದ ಇನ್ನೊಂದು ಮೂಲೆಗೆ ಇಡಿಸಿದರು. ಮುಂದಕ್ಕೆ, ಆದರೆ ಓರೆಯಾಗಿ. ಕೋಲು ಪಕ್ಕೆ ಸವರಿಕೊಂಡು ಹೋಯಿತು. ನೋಡಿದರೆ ನಾನು ಅವರ ಮೊಣಕೈ ಪಕ್ಕದಲ್ಲೇ ನಿಂತಿದ್ದೇನೆ! ಅವರ ಇನ್ನೊಂದು ಕೈ ನನ್ನನ್ನು ಮುಟ್ಟಲಾರದು, ನನ್ನ ಎರಡೂ ಕೈ ಅವರನ್ನು ಮುಟ್ಟಬಲ್ಲವು. ಕಾಲು ಅವರ ಹಿಮ್ಮಡಿಯ ಹಿಂದಿದೆ, ಸ್ವಲ್ಪ ಒರಗಿದರೆ ಬೀಳುತ್ತಾರೆ. ಪೆಟ್ಟಿನ ದಾರಿಯಿಂದ ಒಂದು ಗೇಣು ಪಕ್ಕಕ್ಕೆ ಹೋದರೆ ಸಾಕು, ಜಾಸ್ತಿ ಹೋದರೆ ಅವಕಾಶವೂ ಹೋಯಿತು. ಇದನ್ನು ಹತ್ತು ಸಲ ಓದಿದ್ದೆ. ಅರ್ಥವಾಗಿದ್ದು ಹೂಕುಂಡ ತಾಗಿದ ದಿನ.

ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ 100 ತ್ರಿಕೋನ ಹೆಜ್ಜೆ, ಬಲಕ್ಕೆ 50, ಎಡಕ್ಕೆ 50. ಎಡಕ್ಕೆ ಇನ್ನೂ ಮೊದಲು ತಲೆ ಹೋಗುತ್ತೆ, ಆಮೇಲೆ ಕಾಲು.

ರಸ

ಇದು ಈ ತಿಂಗಳ ಹೊಸ ವಿಷಯ, ಮತ್ತು ಎಲ್ಲಕ್ಕಿಂತ ಕಷ್ಟದ್ದು. ಚಿಯಾಂಜೂರ್ ಕಡೆ ಚಿಕಾಲೊಂಗ್ ಅನ್ನೋ ಇನ್ನೊಂದು ಪರಂಪರೆ ಇದೆ. 19ನೇ ಶತಮಾನದಲ್ಲಿ ರಾದೆನ್ ಹಾಜಿ ಇಬ್ರಾಹಿಂ ಅದನ್ನು ರೂಪಿಸಿದರು. ಚಿಯಾಂಜೂರಿನವರು ತಮ್ಮ ಊರಿನ ಹೆಮ್ಮೆ ಮೂರು ಅಂತಾರೆ: ಕುರಾನ್ ಪಠಣ, ಹಾಡು, ಆಮೇಲೆ ಮಾಯೆನ್‌ಪೋ. ಮಾಯೆನ್‌ಪೋ ಅಂದರೆ ಇದೇ ಸಿಲಾತ್. ಅಲ್ಲಿ ಬಲಕ್ಕಿಂತ ಸ್ಪರ್ಶ ಮುಖ್ಯ. ಕೈಗೆ ಕೈ ತಾಗಿಸಿಕೊಂಡೇ ಇರಬೇಕು, ಅವನು ಎಲ್ಲಿ ತಳ್ಳಲಿದ್ದಾನೆ ಅಂತ ಚರ್ಮಕ್ಕೆ ತಿಳಿಯಬೇಕು. ಅದಕ್ಕೆ ಇವರು ಇಟ್ಟ ಹೆಸರು ರಾಸಾ. ನಮ್ಮದೇ ರಸ. ಗುರು, ರಸ, ಜೀವ, ಎಲ್ಲಾ ಸಂಸ್ಕೃತದಿಂದ ಇಲ್ಲಿಗೂ ಬಂದ ಪದಗಳು. ಆದರೆ ನನ್ನ ತಲೆಯಲ್ಲಿ ರಸ ಅಂದರೆ ನವರಸ, ಇಲ್ಲವೇ ಮಾವಿನ ಹಣ್ಣಿನದು. ಇಲ್ಲಿ ಅದು ಮುಂಗೈಯಲ್ಲಿ ಇರಬೇಕಾದ ಅರಿವು.

ನನ್ನ ಜೋಡಿ ಅಬಾ ಅವರ ಮೊಮ್ಮಗಳು. ವಯಸ್ಸು 13. ನನ್ನನ್ನು ಓಂ ಅಂತ ಕರೆಯುತ್ತಾಳೆ. ಭಕ್ತಿಯೇನೂ ಇಲ್ಲ, ಓಂ ಅಂದರೆ ಇಲ್ಲಿ ಅಂಕಲ್, ಡಚ್ಚರ ಭಾಷೆಯಿಂದ ಉಳಿದ ಪದ. ಇಬ್ಬರೂ ಮಣಿಕಟ್ಟು ತಾಗಿಸಿ ಕಣ್ಣು ಮುಚ್ಚುತ್ತೇವೆ. ನಾನು ತಳ್ಳುತ್ತೇನೆ. ಅಲ್ಲಿ ಏನೂ ಇರುವುದಿಲ್ಲ. ಕತ್ತಲಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ ಮುಗ್ಗರಿಸುತ್ತೇನೆ, ಅಷ್ಟರಲ್ಲಿ ಅವಳ ಅಂಗೈ ನನ್ನ ಗಲ್ಲದ ಕೆಳಗಿರುತ್ತದೆ. ‘ಓಂ, ಭುಜ’ ಅನ್ನುತ್ತಾಳೆ. ತಳ್ಳುವ ಮೊದಲು ನನ್ನ ಭುಜ ಮೇಲೇಳುತ್ತಂತೆ. ಮೊನ್ನೆ ಗುರುವಾರದ ಲೆಕ್ಕ: 20 ಸುತ್ತು, ಅವಳು 18, ನಾನು 2. ಆ ಎರಡರಲ್ಲಿ ಒಂದು ಸಲ ಅವಳಿಗೆ ಸೀನು ಬಂದಿತ್ತು.

ಡೋಲು

ತಿಂಗಳಿಗೊಮ್ಮೆ ವಾದ್ಯದವರು ಬರುತ್ತಾರೆ. ಕೆಂಡಾಂಗ್ ಡೋಲುಗಳು, ಒಂದು ಗಂಟೆಯಂಥ ಸಣ್ಣ ಗಾಂಗ್, ಮೇಲಿಂದ ನಮ್ಮ ಶಹನಾಯಿಯ ಸಂಬಂಧಿಕನಂತೆ ಕಿರುಚುವ ತರೊಂಪೆಟ್. ನಿಧಾನದ ತಾಳಕ್ಕೆ ವರಸೆಗಳನ್ನು ಕುಣಿತದ ಹಾಗೆ ಮಾಡುತ್ತಾರೆ, ಕೊನೆಗೆ ಪಡುಂಗ್‌ಡುಂಗ್ ಅನ್ನೋ ಜೋರು ತಾಳಕ್ಕೆ ಹೊಡೆದಾಟದ ಹಾಗೆ. ಇದೆಲ್ಲ ಶೋಕಿ ಅಂದುಕೊಂಡಿದ್ದೆ. ತಾಳದಲ್ಲಿ ಹೋಗುತ್ತಿದ್ದವನು ಒಂದು ಪೆಟ್ಟನ್ನು ತಾಳ ತಪ್ಪಿಸಿ ಹೊಡೆದಾಗ ತಿಳಿಯಿತು. ನೋಡುವವನ ಮೈ ತಾಳಕ್ಕೆ ಒಗ್ಗಿಹೋಗಿರುತ್ತದೆ, ನಡುವೆ ಬಂದ ಪೆಟ್ಟು ಕಾಣುವುದೇ ಇಲ್ಲ. ಮಾಯೆನ್‌ಪೋ ಅನ್ನುವುದಕ್ಕೆ ‘ಆಡಿ ಮರೆಸುವುದು’ ಅಂತ ಒಂದು ಅರ್ಥ ಹೇಳುವವರಿದ್ದಾರೆ. ಅರ್ಥ ನಿಜವೋ ಅಲ್ಲವೋ, ಅವತ್ತು ನಾನಂತೂ ಮರೆತಿದ್ದೆ.

ಸ್ಪರ್ಧೆಗೆ ಹೋಗ್ತೀಯಾ ಅಂತ ಕೆಲವರು ಕೇಳಿದ್ದೀರಿ. ಇಲ್ಲ. ಕ್ರೀಡೆಯಾಗಿ ಇದು ದೊಡ್ಡದೇ. ರಾಷ್ಟ್ರೀಯ ಸಂಘಟನೆ ಹುಟ್ಟಿದ್ದು 1948ರಲ್ಲಿ, ಸುರಕಾರ್ತಾದಲ್ಲಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇದ್ದ 16 ಚಿನ್ನದಲ್ಲಿ 14 ಇಂಡೋನೇಷ್ಯಾಕ್ಕೇ ಬಂದವು. 2019ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಪಂದ್ಯದಲ್ಲಿ ಗುದ್ದಿಗೆ 1, ಒದೆತಕ್ಕೆ 2, ಕೆಡವಿದರೆ 3 ಅಂಕ. ಅದರಿಂದ ಒದೆತವೇ ಜಾಸ್ತಿಯಾಗಿ, ಮುಂಗೈಯ ಸೂಕ್ಷ್ಮ ಕೆಲಸ ಹಿಂದೆ ಬೀಳುತ್ತದೆ ಅಂತ ನನಗನಿಸುತ್ತೆ. ಆತ್ಮಶುದ್ಧಿ, ಆತ್ಮರಕ್ಷಣೆ, ಕಲೆ, ಕ್ರೀಡೆ, ನಾಲ್ಕೂ ಸಮ ಅಂತ ಹೇಳುತ್ತಾರೆ. ನಮ್ಮ ಅಂಗಳದಲ್ಲಿ ಕ್ರೀಡೆಗೆ ಜಾಗ ಕಮ್ಮಿ, ಹೂಕುಂಡಗಳು ಜಾಸ್ತಿ.

ಚಿಮಾಂಡೆಯವರಲ್ಲಿ ತಾಲೆಕ್ ಅನ್ನೋ ಪ್ರತಿಜ್ಞೆ ಇದೆ. ಅಪ್ಪ ಅಮ್ಮನಿಗೆ, ಗುರುವಿಗೆ ಎದುರಾಡಬಾರದು, ಕದಿಯಬಾರದು, ಜೂಜಾಡಬಾರದು, ಜಂಬ ಪಡಬಾರದು ಅಂತ. ನನಗೆ ಯಾವಾಗ ಅಂತ ಒಮ್ಮೆ ಕೇಳಿದೆ. ಅಬಾ, ಬತ್ತದ ತೆನೆ ತುಂಬಿದಷ್ಟೂ ಬಾಗುತ್ತದೆ ಅನ್ನೋ ತಮ್ಮ ಗಾದೆ ಹೇಳಿದರು. ನಾನು ತುಂಬಿದ ಕೊಡ ತುಳುಕುವುದಿಲ್ಲ ಅನ್ನೋ ನಮ್ಮ ಗಾದೆ ಹೇಳಿದೆ. ಚೆನ್ನಾಗಿದೆ ಅಂದರು. ಆಮೇಲೆ ಮೊಮ್ಮಗಳನ್ನು ಕರೆದು, ಇವರ ಕೊಡ ಸ್ವಲ್ಪ ನೋಡು ಅಂದರು. ಆ ಸಂಜೆ 10ಕ್ಕೆ 10 ಸೋತೆ.

ಮುಂದಿನ ಎರಡು ತಿಂಗಳಿಗೆ: ಕೆಲಿದ್ 15ರವರೆಗೆ, ಎಡ ತ್ರಿಕೋನ ದಿನಕ್ಕೆ 70, ಅವಳ ಎದುರು 20ಕ್ಕೆ 5. ಟೈಲ್ಸ್ ಮೇಲೆ ಹುಲಿ ಬಂದ್. ಮತ್ತೆ ಊರಿಂದ ಬರುವವರು ಯಾರಾದರೂ ಇದ್ದರೆ ಅರ್ಧ ಕೆಜಿ ಕಾಫಿಪುಡಿ ತನ್ನಿ, ಈ ಸಲ ಚಿಕೋರಿ ಹಾಕದ್ದು.