ಪ್ರಷ್ಯಾ ಸೋತಿದ್ದರೆ: ನಕ್ಷೆ ಅಳಿಸಿ ವಂಶವೃಕ್ಷ ಹಿಡಿದ ತಿಂಗಳು

ಕಳೆದ ಸಲ ಬರೆದಾಗ ನಕ್ಷೆ ಮುಕ್ಕಾಲು ಪಾಲು ಮುಗಿದಿತ್ತು. ಈಗ ಕಾಲು ಪಾಲೂ ಉಳಿದಿಲ್ಲ. ಅಳಿಸಿದವನು ನಾನೇ.

ಹೊಸದಾಗಿ ಓದುವವರಿಗೆ ಎರಡು ಮಾತು. 1866ರ ಜುಲೈ 3ರಂದು ಬೊಹೆಮಿಯಾದ ಕೋನಿಗ್ರೆಟ್ಸ್‌ನಲ್ಲಿ ಪ್ರಷ್ಯಾದ ಬದಲು ಆಸ್ಟ್ರಿಯಾ ಗೆದ್ದಿದ್ದರೆ ಜರ್ಮನಿ ಏನಾಗುತ್ತಿತ್ತು ಎಂಬ ಕಲ್ಪಿತ ಇತಿಹಾಸ ಇದು. ಕಥೆ ಕವಲೊಡೆಯುವ ಜಾಗ ಮೊದಲಿನದ್ದೇ. ಹಿಂದಿನ ರಾತ್ರಿ ಪ್ರಷ್ಯಾದ ಸೇನಾ ಮುಖ್ಯಸ್ಥ ಮೋಲ್ಟ್ಕೆಯ ಪಾಳೆಯಕ್ಕೂ ಪ್ರಷ್ಯಾದ ಯುವರಾಜನ ಎರಡನೇ ಸೈನ್ಯಕ್ಕೂ ತಂತಿ ಸಂಪರ್ಕ ಇರಲಿಲ್ಲ. ಕೂಡಲೇ ಹೊರಡಬೇಕೆಂಬ ಆಜ್ಞೆಯನ್ನು ಫಿಂಕೆನ್‌ಸ್ಟೈನ್ ಎಂಬ ಅಧಿಕಾರಿ ಕತ್ತಲಲ್ಲೇ ಕುದುರೆ ಓಡಿಸಿ ಮುಟ್ಟಿಸಿದ. ಮರುದಿನ ಆ ಸೈನ್ಯ ಆಸ್ಟ್ರಿಯಾದ ಬಲ ಮಗ್ಗುಲಿಗೆ ಬಂದು ಬಿದ್ದಿತು, ಯುದ್ಧ ಮುಗಿಯಿತು. ನನ್ನ ಕಥೆಯಲ್ಲಿ ಆ ಕುದುರೆ ಕೆಸರಿನಲ್ಲಿ ಜಾರಿ ಕಾಲು ಮುರಿದುಕೊಳ್ಳುತ್ತದೆ. ನಾನು ಬದಲಿಸಿದ್ದು ಅಷ್ಟೇ.

ಅಲ್ಲಿಂದಾಚೆಗೆ ದುರಾಸೆಗೆ ಬಿದ್ದಿದ್ದೆ. ಟ್ರಿಯೆಸ್ಟ್‌ನಿಂದ ಹ್ಯಾಂಬರ್ಗ್‌ವರೆಗೂ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ರಾಜಮನೆತನದ ಬಣ್ಣ ಬಳಿದುಬಿಟ್ಟಿದ್ದೆ. ನೋಡಲು ಚೆನ್ನಾಗಿತ್ತು, ನಂಬಲು ಆಗುತ್ತಿರಲಿಲ್ಲ. ಆಸ್ಟ್ರಿಯಾ ಜೂನ್ 12ರಂದೇ ಫ್ರಾನ್ಸ್ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡು, ಗೆದ್ದರೂ ಇಟಲಿ ಕಡೆಯ ತನ್ನ ಪ್ರಾಂತ್ಯ ವೆನೀಷಿಯಾ ಬಿಟ್ಟುಕೊಡುತ್ತೇನೆ ಎಂದಿತ್ತು. ಗೆಲ್ಲುವ ಮೊದಲೇ ಆಸ್ತಿ ಬರೆದುಕೊಟ್ಟವರು ಉತ್ತರ ಸಮುದ್ರದವರೆಗೂ ಆಳುತ್ತಾರೆಯೇ? ಮೇಲಾಗಿ ಹಂಗೇರಿಯ ತಲೆನೋವು ಬೇರೆ. ಹಾಗಾಗಿ ಈಗ ಆಸ್ಟ್ರಿಯಾಕ್ಕೆ ಸಿಗುವುದು ಪ್ರಷ್ಯಾದ ಕೈಯಲ್ಲಿದ್ದ ಸೈಲೀಷಿಯಾ ಪ್ರಾಂತ್ಯ ಮಾತ್ರ.

ನಿಜವಾದ ಕೆಲಸ ನಡೆದದ್ದು ಈ ರಾಜರ ವಂಶವೃಕ್ಷದಲ್ಲಿ. ಅದನ್ನು ಬಿಡಿಸುವ ತಂತ್ರಾಂಶ ಎಲ್ಲರಿಗೂ ‘ಕಸಿನ್’ ಎಂಬ ಒಂದೇ ಚೀಟಿ ಅಂಟಿಸುತ್ತದೆ. ಬೇಜಾರಾಗಿ ಒಂದು ಸಂಜೆ ಅವನ್ನೆಲ್ಲ ಕಿತ್ತು ನಮ್ಮ ಸಂಬಂಧಗಳ ಹೆಸರು ಬರೆಯುತ್ತಾ ಹೋದೆ. ಪ್ರಷ್ಯಾದ ರಾಜ ಒಂದನೇ ವಿಲ್ಹೆಲ್ಮ್‌ನ ತಾಯಿ ಲೂಯಿಸಾ. 1866ರಲ್ಲಿ ಆಸ್ಟ್ರಿಯಾದ ಪಕ್ಷದಲ್ಲಿದ್ದ ಹ್ಯಾನೋವರಿನ ಕುರುಡು ರಾಜ ಐದನೇ ಜಾರ್ಜ್‌ನ ತಾಯಿ ಫ್ರೆಡರಿಕಾ, ಲೂಯಿಸಾಳ ಸ್ವಂತ ತಂಗಿ. ನಮ್ಮ ಲೆಕ್ಕದಲ್ಲಿ ಇವರಿಬ್ಬರೂ ಅಣ್ಣ ತಮ್ಮ! ಬವೇರಿಯಾದ ಎರಡನೇ ಲುಡ್ವಿಗ್‌ನ ತಾಯಿ ಮರೀ ವಿಲ್ಹೆಲ್ಮ್‌ಗೆ ಚಿಕ್ಕಪ್ಪನ ಮಗಳು. ಅಂದರೆ ಲುಡ್ವಿಗ್‌ಗೆ ವಿಲ್ಹೆಲ್ಮ್ ಸೋದರಮಾವ.

ಈಗ ನಿಜವಾಗಿ ನಡೆದದ್ದನ್ನು ಈ ಹೆಸರುಗಳಲ್ಲಿ ಹೇಳಿ ನೋಡಿ. ಅಣ್ಣ ತಮ್ಮನ ರಾಜ್ಯವನ್ನು ನುಂಗಿದ, 1868ರಲ್ಲಿ ಅವನ ಖಜಾನೆಯನ್ನೂ ಜಪ್ತಿ ಮಾಡಿಸಿದ. ಆ ಹಣದಲ್ಲಿ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್, ಅರಮನೆ ಕಟ್ಟಿಸಿ ಸಾಲದಲ್ಲಿ ಮುಳುಗಿದ್ದ ಅಳಿಯನಿಗೆ ಗುಟ್ಟಾಗಿ ಕೊಟ್ಟ. ಅಳಿಯ 1870ರ ನವೆಂಬರ್ 30ರಂದು, ಬಿಸ್ಮಾರ್ಕನೇ ಬರೆದುಕೊಟ್ಟ ಕರಡನ್ನು ನೋಡಿಕೊಂಡು, ‘ಮಾವ, ನೀನೇ ಚಕ್ರವರ್ತಿಯಾಗು’ ಎಂಬರ್ಥದ ಪತ್ರ ಬರೆದ. ಜನವರಿ 18ರಂದು ವರ್ಸೇಲ್ಸ್‌ನಲ್ಲಿ ಘೋಷಣೆಯೂ ಆಯಿತು.

ಇದನ್ನು ಬರೆದು ಮುಗಿಸಿದಾಗ ನನ್ನ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿದವು. ಕೋನಿಗ್ರೆಟ್ಸ್‌ನಲ್ಲಿ ಪ್ರಷ್ಯಾ ಸೋತರೆ ಹ್ಯಾನೋವರಿನ ಖಜಾನೆ ಅದರ ಕೈಗೆ ಬರುವುದಿಲ್ಲ. ಖಜಾನೆ ಇಲ್ಲದೆ ಆ ಪತ್ರ ಬರುವುದು ಕಷ್ಟ. ಒಂದು ತೊಡಕು ಮಾತ್ರ ಇತ್ತು: ಲಾಂಗೆನ್ಸಾಲ್ಟ್ಸಾದಲ್ಲಿ ಜೂನ್ 27ರಂದು ಪ್ರಷ್ಯಾದ ಎದುರು ಗೆದ್ದ ಹ್ಯಾನೋವರ್ ಸೈನ್ಯ 29ರಂದೇ ಶರಣಾಗಿತ್ತು, ಅಂದರೆ ನನ್ನ ಕುದುರೆ ಬೀಳುವ ಮೊದಲೇ. ಆದ್ದರಿಂದ ಜಾರ್ಜ್ ಗೆದ್ದವನಾಗಿ ಅಲ್ಲ, ವಿಯೆನ್ನಾದ ದಯೆಯಿಂದ ಊರಿಗೆ ಮರಳುತ್ತಾನೆ. ಆ ಋಣ ಅವನನ್ನು ಕಾಡಬೇಕು. ಈ ಅಧ್ಯಾಯದ ಎರಡು ಪುಟ ಆಗಿವೆ, ಸದ್ಯಕ್ಕೆ ನನಗೆ ಇಷ್ಟವಾದ ಭಾಗ ಇದೇ.

ಆಸ್ಟ್ರಿಯಾದ ಪಕ್ಷದಲ್ಲೇ ಇದ್ದ ಬವೇರಿಯಾಕ್ಕೂ ನೆಮ್ಮದಿ: ಸೋತದ್ದಕ್ಕೆ ಪ್ರಷ್ಯಾಕ್ಕೆ ಕಟ್ಟಿದ್ದ 3 ಕೋಟಿ ಗುಲ್ಡನ್ ಯುದ್ಧ ದಂಡ ಉಳಿಯಿತು. ಆ ದುಡ್ಡನ್ನೂ ಲುಡ್ವಿಗ್ ಅರಮನೆಗೇ ಸುರಿಯುತ್ತಾನೆ ಬಿಡಿ.

ಇನ್ನೂ ಬಗೆಹರಿಯದದ್ದು ಬಂದೂಕು. ಪ್ರಷ್ಯಾದವರದ್ದು ಹಿಂದಿನಿಂದ ಮದ್ದು ತುಂಬುವ ಡ್ರೈಸೆ, ಮಲಗಿಕೊಂಡೇ ತುಂಬಬಹುದು. ಆಸ್ಟ್ರಿಯಾದವರು ಲೊರೆನ್ಸ್ ಬಂದೂಕಿನ ಬಾಯಿಗೆ ಮದ್ದು ಹಾಕಿ ಸಲಾಕೆಯಿಂದ ಜಡಿಯಬೇಕು. ಎರಡನೇ ಸೈನ್ಯ ಬರದೇ ಹೋದರೂ ರಣರಂಗದ ಸ್ವೀಪ್ ಕಾಡಿನೊಳಗೆ ಆಸ್ಟ್ರಿಯಾದ ಸೇನಾಪತಿ ಬೆನೆಡೆಕ್‌ನ ಸೈನಿಕರು ಸಾಯುವುದು ತಪ್ಪುವುದಿಲ್ಲ. ಸಂಜೆಯ ಹೊತ್ತಿಗೆ ಅವನ ಕೈಯಲ್ಲಿ ಎಷ್ಟು ಮೀಸಲು ಪಡೆ ಉಳಿಸಬೇಕು ಎಂದು ಮೂರು ಸಲ ಲೆಕ್ಕ ಹಾಕಿದ್ದೇನೆ, ಮೂರು ಸಲವೂ ಬೇರೆ ಬೇರೆ ಉತ್ತರ. ಮುಂದಿನ ಭಾನುವಾರ ಆ ಕಾಡಿನ ನಕ್ಷೆಯನ್ನೇ ದೊಡ್ಡದಾಗಿ ಬಿಡಿಸಿಕೊಂಡು ಕೂರುತ್ತೇನೆ.