ಒಂದು ಇಂಚು ತಾಮ್ರಕ್ಕೆ ಐದು ಭಾನುವಾರ

ಮನೆಯಲ್ಲೇ ಒಂದು ತಾಂತೊ ಮಾಡಲು ಹೊರಟೆ. ಅಲಗಿಗಿಂತ ಜಾಸ್ತಿ ದಿನ ಅದರ ಬುಡಕ್ಕೆ ತೊಡಿಸುವ ತಾಮ್ರದ ಪಟ್ಟಿಗೇ ಹೋಯ್ತು. ಮೊದಲೇ ಯಾರಾದರೂ ಹೇಳಿದ್ದರೂ ನಾನು ನಂಬುತ್ತಿರಲಿಲ್ಲ ಬಿಡಿ.

ತಾಂತೊ ಅಂದರೆ ಜಪಾನಿನ ಗಿಡ್ಡ ಕತ್ತಿ. ಅಲಗಿನ ಉದ್ದ ಒಂದು ಶಾಕುಗಿಂತ, ಅಂದರೆ 30.3 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ನನ್ನದು 8 ಇಂಚು. ನಮ್ಮಲ್ಲಿ 9 ಇಂಚು ದಾಟಿದರೆ ಆಯುಧ ಕಾಯ್ದೆಯ ತಲೆನೋವು, ಅದಕ್ಕೇ ಒಂದು ಇಂಚು ಬಿಟ್ಟೇ ಗೆರೆ ಎಳೆದೆ. ಮಾದರಿ ಐಕುಚಿ: ಹಿಡಿಗೂ ಅಲಗಿಗೂ ನಡುವೆ ಕೈಗೆ ಅಡ್ಡವಾಗಿರುವ ಬಿಲ್ಲೆ, ತ್ಸುಬಾ, ಇಲ್ಲ, ಹಿಡಿಯ ಬಾಯಿ ನೇರವಾಗಿ ಒರೆಯ ಬಾಯಿಗೆ ಕೂರುತ್ತದೆ. ಒಂದು ಭಾಗ ಉಳಿಯಿತು ಅಂತ ಖುಷಿಪಟ್ಟಿದ್ದೆ. ಎರಡು ಮರದ ಬಾಯಿಗಳನ್ನು ಸಂದಿಲ್ಲದೆ ಕೂರಿಸುವುದು ಎಷ್ಟು ಕಷ್ಟ ಅಂತ ಆಗ ಗೊತ್ತಿರಲಿಲ್ಲ.

ಉಕ್ಕಿನ ವಿಷಯ. ಅಲ್ಲಿನ ಕಮ್ಮಾರರು ಬಳಸುವ ತಮಹಾಗನೆ ಅನ್ನುವ ಉಕ್ಕು ಶಿಮಾನೆ ಪ್ರಾಂತ್ಯದ ತತಾರಾ ಕುಲುಮೆಯಿಂದ ಬರುತ್ತದೆ, ಪರವಾನಗಿ ಇರುವವರಿಗೆ ಹಂಚುತ್ತಾರೆ. ನನಗೆ ಸಿಕ್ಕಿದ್ದು ಗುಜರಿ ಅಂಗಡಿಯ 12 ಇಂಚಿನ ಹಳೇ ಅರ. ಲಾರಿಯ ಸ್ಪ್ರಿಂಗ್ ಪಟ್ಟಾ ಯಾಕೆ ಬೇಡ ಅಂದರೆ ಅದರಲ್ಲಿ ಮ್ಯಾಂಗನೀಸ್, ಕ್ರೋಮಿಯಂ ಜಾಸ್ತಿ, ಅಲಗಿನ ಮೇಲೆ ಆ ಮೋಡದಂಥ ಗೆರೆ, ಹಮೊನ್, ಸರಿಯಾಗಿ ಮೂಡುವುದಿಲ್ಲ. ಅರವನ್ನು ಕೆಂಪಗೆ ಕಾಯಿಸಿ ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟೆ. ಬೆಳಿಗ್ಗೆ ಮೆತ್ತಗಾಗಿತ್ತು. ಆಮೇಲೆ ಅರವನ್ನು ಅರದಲ್ಲೇ ಉಜ್ಜುತ್ತಾ ಕೂತೆ. ಹೌದು, ಇದು ಬಡಿದು ಮಾಡಿದ್ದಲ್ಲ, ಉಜ್ಜಿ ಮಾಡಿದ್ದು.

ಮೊದಲನೇ ಅಲಗು ಸತ್ತುಹೋಯ್ತು. ಆ ಗೆರೆ ಮೂಡಲಿ ಅಂತ ಬೆನ್ನಿಗೆ ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿದ್ದನ್ನು ದಪ್ಪಗೆ ಮೆತ್ತಿ, ಹರಿತದ ಕಡೆ ತೆಳ್ಳಗೆ ಬಳಿದು, ಕತ್ತಲಾದ ಮೇಲೆ ತಾರಸಿಯಲ್ಲಿ ಕಾಯಿಸಿ, ಅಯಸ್ಕಾಂತ ಅಂಟುವುದು ನಿಂತ ಮೇಲೆ ಇನ್ನೊಂದು ಚೂರು ಕಾಯಿಸಿ ಉಗುರುಬೆಚ್ಚಗಿನ ನೀರಿಗೆ ಅದ್ದಿದೆ. ಎರಡು ಸೆಕೆಂಡು. ಟಿಣ್ ಅಂತ ಒಂದು ಸದ್ದು. ಕಪ್ಪಿಗೆ ಐಸ್ ಹಾಕಿದಾಗ ಬರುತ್ತಲ್ಲ, ಅಂಥದ್ದು. ಎತ್ತಿ ನೋಡಿದರೆ ಮೂರು ಕಡೆ ಬಿರುಕು, ಮೂರೂ ಅರದ ಹಳೇ ಹಲ್ಲಿನ ಗುರುತು ಉಳಿದಿದ್ದ ಜಾಗದಲ್ಲೇ. ಪೂರ್ತಿ ಉಜ್ಜುವುದಕ್ಕೆ ಬೇಜಾರಾಗಿ ಬಿಟ್ಟಿದ್ದೆ, ತಪ್ಪು ನಂದೇ. ಎರಡನೇ ಸಲ ಒಂದು ಗೀರೂ ಬಿಡದೆ ಉಜ್ಜಿದೆ, ನೀರಿನ ಬದಲು ಬಿಸಿ ಮಾಡಿದ ಕಡಲೆಕಾಯಿ ಎಣ್ಣೆಗೆ ಅದ್ದಿದೆ. ಸಂಪ್ರದಾಯದವರು ಬೈಯಬಹುದು. ತಾರಸಿಯೆಲ್ಲಾ ಬೋಂಡ ಕರಿದ ವಾಸನೆ. ಆಮೇಲೆ ಅಡುಗೆಮನೆಯ ಓವನ್‌ನಲ್ಲಿ 180 ಡಿಗ್ರಿ, ಎರಡು ಗಂಟೆ. ನುಣುಪು ಮಾಡಿ ನಿಂಬೆ ರಸ ಸವರಿದಾಗ ಗೆರೆ ಕಂಡಿತು: ಬುಡದಲ್ಲಿ ಮಸುಕು, ತುದಿಯಲ್ಲಿ ಚೆನ್ನಾಗಿದೆ. ನನಗೆ ಸಾಕು.

ಈಗ ಹಬಾಕಿ. ಅಲಗು ಹಿಡಿಯೊಳಗೆ ಹೋಗುವ ಜಾಗದಲ್ಲಿ ಸುತ್ತಲೂ ಕೂರುವ ತಾಮ್ರದ ತೋಳು ಇದು, ಎತ್ತರ ಒಂದು ಇಂಚು ಅಷ್ಟೇ. ಆದರೆ ಇಡೀ ಕತ್ತಿ ನಿಂತಿರುವುದು ಇದರ ಮೇಲೆ. ಒರೆಯೊಳಗೆ ಅಲಗು ಮರಕ್ಕೆ ತಾಗಲೇಬಾರದು, ಹಬಾಕಿ ಮಾತ್ರ ಬಾಯಲ್ಲಿ ಬಿಗಿಯಾಗಿ ಕಚ್ಚಬೇಕು. ತಾಮ್ರಕ್ಕೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ತಿಂಗ್ ಪಟ್ಟಿ ತಂದೆ, 3 ಮಿಲಿಮೀಟರ್ ದಪ್ಪ, ಹೇಳಿ ಮಾಡಿಸಿದ ಹಾಗಿತ್ತು. ಕಾಯಿಸಿ ನೀರಿಗೆ ಅದ್ದಿದರೆ ತಾಮ್ರ ಮೆತ್ತಗಾಗುತ್ತದೆ, ಉಕ್ಕಿಗೆ ಪೂರಾ ಉಲ್ಟಾ. ನಾಲ್ಕು ಏಟು ಹಾಕಿದರೆ ಮತ್ತೆ ಗಡಸು, ಮತ್ತೆ ಕಾಯಿಸು. ಅಲಗಿನ ಹರಿತದ ಕಡೆ ಪಟ್ಟಿಯ ಎರಡು ಕೊನೆಗಳ ನಡುವೆ ಸಣ್ಣ ತಾಮ್ರದ ಬೆಣೆ ಇಟ್ಟು ಬೆಸೆಯಬೇಕು. ಮೊದಲನೇದು ಸಡಿಲ. ಎರಡನೇದಕ್ಕೆ ಬೆಸುಗೆ ಹರಿಯಲೇ ಇಲ್ಲ. ಬಿಳಿಗಾರ, ಬೆಳ್ಳಿ ಬೆಸುಗೆ ಕೊಟ್ಟ ನಮ್ಮ ಬೀದಿಯ ಅಕ್ಕಸಾಲಿಗರು ನನ್ನ ಪುಟ್ಟ ಟಾರ್ಚ್ ನೋಡಿ ನಕ್ಕರು. “ಏನ್ ಸ್ವಾಮಿ, ಇಷ್ಟು ದಪ್ಪ ತಾಮ್ರಕ್ಕೆ ಉಂಗುರದ ಬೆಂಕಿ ಸಾಕಾಗತ್ತಾ?” ಅಂದರು. ಶಾಖವನ್ನೆಲ್ಲಾ ತಾಮ್ರವೇ ಕುಡಿದುಬಿಡುತ್ತಿತ್ತು. ಮೂರನೇದು ಅವರ ಅಂಗಡಿಯಲ್ಲೇ, ದೊಡ್ಡ ಬೆಂಕಿಯಲ್ಲಿ ಆಯಿತು.

ಜಪಾನಿನಲ್ಲಿ ಹಬಾಕಿ ಮಾಡುವವರೇ ಬೇರೆ, ಒರೆ ಮಾಡುವವರೇ ಬೇರೆ, ಸಾಣೆ ಹಿಡಿಯುವವರು ಇನ್ನೂ ಬೇರೆ. ಸುಮ್ನೆ ಅಲ್ಲ.

ಒರೆಗೆ ಅಲ್ಲಿ ಹೊನೊಕಿ ಅನ್ನುವ ಮರ. ನಾನು ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ತಂದೆ. ಬಿಳಿ, ಮೆದು, ಉಳಿಗೆ ಬೆಣ್ಣೆ ಥರ. ಎರಡು ಹೋಳು ಮಾಡಿ ಒಳಗೆ ಕೊರೆದು ಅಂಟಿಸಬೇಕು. ಅಂಟು ಯಾವುದು ಗೊತ್ತಾ? ಅನ್ನ! ಬೆಂದ ಅನ್ನವನ್ನು ಹಲಗೆಯ ಮೇಲೆ ಚಪ್ಪಟೆ ಕಡ್ಡಿಯಲ್ಲಿ ಕಾಳೇ ಕಾಣದಷ್ಟು ಅರೆಯುವುದು, ಸೊಕುಯಿ ಅಂತಾರೆ. ಮುಂದೆ ಒಳಗೆ ತುಕ್ಕೋ ಧೂಳೋ ಆದರೆ ಒರೆಯನ್ನು ಮುರಿಯದೆ ಬಿಡಿಸಬಹುದು, ಅದಕ್ಕೇ ಗಟ್ಟಿ ಅಂಟು ಹಾಕುವುದಿಲ್ಲ. ಚಿಕ್ಕಂದಿನಲ್ಲಿ ಲಕೋಟೆಗೆ ಅನ್ನ ಮೆತ್ತುತ್ತಿದ್ದದ್ದು ನೆನಪಾಯ್ತು. ಅಮ್ಮ ಮಾತ್ರ “ಉಳಿದ ಅನ್ನಕ್ಕೆ ಚಿತ್ರಾನ್ನ ಮಾಡ್ತಿದ್ದೆ ಕಣೋ” ಅಂದಳು.

ಹೋದ ಭಾನುವಾರ ಹಾಸಿಗೆಯ ಮೇಲೆ ಒರೆಯನ್ನು ತಲೆಕೆಳಗು ಮಾಡಿ ಹಿಡಿದೆ. ಅಲಗು ಜಾರಲಿಲ್ಲ. ಐದು ನಿಮಿಷ ಹಾಗೇ ಹಿಡಿದುಕೊಂಡು ನಿಂತಿದ್ದೆ. ಮಂಗಳವಾರ ಮಳೆ ಶುರುವಾಯ್ತು, ಮರ ಉಬ್ಬಿಕೊಂಡು ಈಗ ಕತ್ತಿ ಆಚೆ ಬರುತ್ತಲೇ ಇಲ್ಲ. ಬಿಸಿಲು ಬರುವವರೆಗೆ ಹಿಡಿಗೆ ಹಾಕುವ ಬಿದಿರಿನ ಗೂಟ ಕೆತ್ತುತ್ತಾ ಕೂತಿರುತ್ತೇನೆ.