ಎಳ್ಳಮಾವಾಸ್ಯೆಯ ಹಿಂದಿನ ಸಂಜೆ

18 ಡಿಸೆಂಬರ್ 2025, ಗುರುವಾರ
ವಿಜಯಪುರ

ನಾಳೆ ಎಳ್ಳಮಾವಾಸ್ಯೆ. ಸಜ್ಜಿ ರೊಟ್ಟಿ ಬಡಿಯಲು ಸಂಜೆ ತಂಗಿಯ ಮನೆಗೆ ಹೋಗಿದ್ದೆ. ಒಲೆ ಮುಂದೆ ಇಬ್ಬರೂ ಕೂತಿದ್ದೆವು. ಹಿತ್ತಲಿಂದ ಕೂಸು ಓಡಿ ಬಂದಳು. ಒಂಬತ್ತನೇ ಕ್ಲಾಸಿಗೆ ಬಂದರೂ ನಮಗೆ ಅವಳು ಕೂಸೇ. ಸೊಂಟದ ಎರಡೂ ಬದಿಗೆ ಒಂದೊಂದು ಬಟ್ಟೆಪಟ್ಟಿ. ಬಟ್ಟೆ ಒಣಹಾಕುವ ಕ್ಲಿಪ್‌ನಿಂದ ಸಿಕ್ಕಿಸಿಕೊಂಡಿದ್ದಳು. ನೋಡಿದರೆ ಅವಳವ್ವನ ಹಳೇ ಸೀರೆಯ ಅಂಚು!

"ದೊಡ್ಡವ್ವಾ, ಬಾ. ನನ್ನ ಫ್ಲ್ಯಾಗ್ ಕೀಳು ನೋಡೂಣು."

ಕೈತುಂಬ ಹಿಟ್ಟು. ಹಾಗೇ ಎದ್ದು ಹೋದೆ. ಮೂರು ಸಲ ಕೈ ಹಾಕಿದೆ. ಮೂರು ಸಲವೂ ಸೊಂಟ ಹೊರಳಿಸಿ ತಪ್ಪಿಸಿಕೊಂಡಳು. ಎಂಟು ವರ್ಷ ಖೋಖೋ ಆಡಿದ ಕೈ ನನ್ನದು. ಆದರೂ ಸಿಗಲಿಲ್ಲ.

ಫ್ಲ್ಯಾಗ್ ಫುಟ್‌ಬಾಲ್ ಅಂದರೆ ಇದೇ. ತಂಡಕ್ಕೆ ಐದು ಜನ. ಚೆಂಡು ಹಿಡಿದು ಓಡುವವಳನ್ನು ಕೆಡವುವಂತಿಲ್ಲ, ಸೊಂಟದ ಪಟ್ಟಿ ಕಿತ್ತರೆ ಸಾಕು, ಅವಳ ಓಟ ಅಲ್ಲಿಗೆ ಮುಗಿಯಿತು. ಒಂದು ನಿಯಮ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಓಡುವವಳು ತನ್ನ ಪಟ್ಟಿಗೆ ಕೈ ಅಡ್ಡ ಹಿಡಿಯುವಂತಿಲ್ಲ. ಹಿಡಿದರೆ ಫೌಲ್. ನಾವು ಶಾಲೆಯಲ್ಲಿ ಓಡುವಾಗ ಒಂದು ಕೈ ಯಾವಾಗಲೂ ಓಢಣಿ ಮೇಲೇ ಇರುತ್ತಿತ್ತು, ಅಲ್ವಾ? ಕೂಸು ಎರಡೂ ಕೈ ಬೀಸಿ ಓಡುತ್ತಾಳೆ. ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಇದೆಲ್ಲ ಅವಳಿಗೆ ಹತ್ತಿದ್ದು ಫೋನಿನಿಂದ. 2023ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಫೈನಲ್ ಸೂಪರ್ ಬೌಲ್ ಹೊತ್ತಿಗೆ ಬಂದ ಒಂದು ಜಾಹೀರಾತು. ಮೆಕ್ಸಿಕೊದ ಡಯಾನಾ ಫ್ಲೋರೆಸ್ ಓಡುತ್ತಿರುತ್ತಾಳೆ, ದಾರಿಯಲ್ಲಿ ಸಿಕ್ಕವರೆಲ್ಲ ಅವಳ ಪಟ್ಟಿ ಕೀಳಲು ಬೆನ್ನು ಹತ್ತುತ್ತಾರೆ. ಆಕೆ ಆಟ ಶುರುಮಾಡಿದ್ದು ಎಂಟನೇ ವಯಸ್ಸಿಗೆ, ತನಗಿಂತ ಎಷ್ಟೋ ದೊಡ್ಡ ಹುಡುಗಿಯರ ಜೊತೆ. ಹದಿನಾರಕ್ಕೆ ದೇಶದ ತಂಡ. 2022ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಒಲಿಂಪಿಕ್ಸ್‌ನಲ್ಲಿಲ್ಲದ ಆಟಗಳ ಕೂಟವಾದ ವರ್ಲ್ಡ್ ಗೇಮ್ಸ್‌ನ ಫೈನಲ್‌ನಲ್ಲಿ ಅಮೆರಿಕವನ್ನು ಅವರ ನೆಲದಲ್ಲೇ 39-6ರಿಂದ ಸೋಲಿಸಿದರು. 2024ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಅದೇ ಅಮೆರಿಕದ ಎದುರು ಸೋತರು. ಈ ವರ್ಷ ಚೀನಾದ ಚೆಂಗ್ಡುವಿನ ವರ್ಲ್ಡ್ ಗೇಮ್ಸ್‌ನಲ್ಲಿ ಮತ್ತೆ ಗೆದ್ದರು. ಕೂಸಿಗೆ ಇದೆಲ್ಲ ಬಾಯಿಪಾಠ.

ತಂಗಿ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದಳು. ಕೂಸು ಹೊರಗೆ ಹೋದ ಮೇಲೆ ಕೇಳಿದಳು.

"ಅಕ್ಕಾ, ಇದ್ರಾಗ ನೌಕರಿ ಐತೇನ?"

2028ಕ್ಕೆ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಇದೆ ಎಂದೆ. 2023ರಲ್ಲಿ ಒಲಿಂಪಿಕ್ ಸಮಿತಿಯವರು ಮುಂಬೈಯಲ್ಲಿ ಸಭೆ ಮಾಡಿ ಕ್ರಿಕೆಟ್ ಸೇರಿಸಿದರಲ್ಲ, ಅದೇ ದಿನ ಇದನ್ನೂ ಸೇರಿಸಿದರು. ಅಮೆರಿಕದ ಕೆಲವು ಕಾಲೇಜುಗಳು ಈ ಆಟ ಆಡುವ ಹುಡುಗಿಯರಿಗೆ ಸ್ಕಾಲರ್‌ಶಿಪ್ ಕೊಡುತ್ತವೆ ಅಂತಲೂ ಹೇಳಿದೆ.

"ಒಲಿಂಪಿಕ್ಸ್‌ನ್ಯಾಗ ಎಷ್ಟ ತಂಡ?"

"ಹೆಣ್ಮಕ್ಕಳ್ದು ಆರು."

"ಜಗತ್ತಿಗೆಲ್ಲಾ ಆರ?"

ಸುಮ್ಮನಾದೆ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೆದರಿಕೆ ಇತ್ತು. ರೊಟ್ಟಿ ಒಂದು ಕಡೆ ಸೀದು ಹೋಯಿತು.

"ನೀ ಎಷ್ಟ ಛಂದ ಆಡ್ತಿದ್ದಿ," ಎಂದಳು ಆಮೇಲೆ. "ಅಪ್ಪನೂ ಇದನ್ನ ಕೇಳಿದ್ದ."

ಹೌದು, ಕೇಳಿದ್ದ. ಇದೇ ಮಾತು. ಯೂನಿವರ್ಸಿಟಿ ತಂಡಕ್ಕೆ ಹೆಸರು ಬಂದಿತ್ತು. ಊರಿಗೆ ಬಂದು ಹೇಳಿದಾಗ ಅಪ್ಪ ಎತ್ತಿಗೆ ಮೇವು ಹಾಕುತ್ತಿದ್ದ. ನೌಕರಿ ಐತೇನು ಅಂದ. ಆಗಲೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುವರ್ಷ ಮದುವೆ ಆಯಿತು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಬರಗಾಲದ ವರ್ಷ ಅದು. ಆದರೆ ಇವತ್ತು ತಂಗಿಯ ಬಾಯಲ್ಲಿ ಅದನ್ನೇ ಕೇಳಿದಾಗ ಎದೆಯಲ್ಲಿ ಏನೋ ಕಿತ್ತಂತಾಯಿತು. ಇಪ್ಪತ್ತಾರು ವರ್ಷ ಆಗಿದೆ. ನಾನು ಒಂದು ಉತ್ತರ ಹುಡುಕಿ ಇಟ್ಟುಕೊಳ್ಳಬೇಕಿತ್ತು.

ಶೇಂಗಾ ಹೋಳಿಗೆ ಚೆನ್ನಾಗಿ ಆಗಿದೆ. ಈ ಸಲ ಬೆಲ್ಲ ಸ್ವಲ್ಪ ಜಾಸ್ತಿ. ಪುಂಡಿಪಲ್ಯ ಬೆಳಿಗ್ಗೆ ಮಾಡಿದರಾಯಿತು.

ಹೊರಡುವಾಗ ಕೂಸು ಬಾಗಿಲವರೆಗೂ ಬಂದಳು. ಪಟ್ಟಿ ಇನ್ನೂ ಸೊಂಟದಲ್ಲೇ ಇತ್ತು. ಮೈದಾನದ ಅಗಲ 25 ಗಜ, ಉದ್ದ 50 ಗಜ, ಎರಡೂ ತುದಿಗೆ ಮತ್ತೆ ಹತ್ತತ್ತು ಗಜ. ನಾಳೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಆಡೋಣ ಎಂದಳು. ಜೋಳ ನಿಂತೈತಲ್ಲೇ, ಎಲ್ಲಿ ಆಡ್ತಿ ಅಂದೆ. "ಬದುವಿನ ಆಚೆ ಬೀಳು ಬಿಟ್ಟೈತಿ ದೊಡ್ಡವ್ವಾ. ಹೆಜ್ಜಿ ಹಾಕಿ ಅಳದೀನಿ. ಅವ್ವನ್ನೂ ಕರೀತೀನಿ, ಆಕಿ ಬರ್ತಾಳ?"

ಒಳಗೆ ತಂಗಿ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ಕೇಳಿಸಿಕೊಂಡಿರಬೇಕು. ಬರ್ತಾಳ ಅಂತ ಹೇಳಿ ಬಂದೆ. ಈಗ ರಾತ್ರಿ ಹನ್ನೊಂದು. ನಾಳೆ ಸೀರೆ ಬದಲು ಚೂಡಿದಾರ ಹಾಕ್ಕೊ ಅಂತ ತಂಗಿಗೆ ಒಂದು ಫೋನ್ ಮಾಡಬೇಕು.